ಹಿಮಾಲಯದ ಬ್ರಹ್ಮಕಮಲ ಕೊಡಚಾದ್ರಿಯಲ್ಲಿ ಬದುಕೀತೆ? ಅದರ ಬಂಧುಗಳು ಮಲೆನಾಡಿನಲ್ಲಿವೆಯೆ?

ಪ್ರಶ್ನೆ: ನಗರ ಸೀಮೆಯ ತೋಟದವರು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಸಮೀಪದ ಅಡಿಕೆ ತೋಟ. ಅಕ್ಕನ ಮಗ ಕಳೆದ ಆಗಸ್ಟಿನಲ್ಲಿ ಉತ್ತರಾಖಂಡದ ಹೂಗಳ ಕಣಿವೆಗೂ ಅಲ್ಲಿಂದ ಹೇಮಕುಂಡಕ್ಕೂ ಚಾರಣ ಹೋಗಿ ಬಂದಿದ್ದಾನೆ. ಅವನು ತಂದ ಚಿತ್ರಗಳಲ್ಲಿ ಬ್ರಹ್ಮಕಮಲದ್ದೇ ಹೆಚ್ಚು. ನಮ್ಮೂರಿನ ಅಂಗಳಗಳಲ್ಲಿ ಮಳೆಗಾಲದ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಜೋತುಬೀಳುವ ಹೂವಿನ ವಿಷಯವನ್ನು ನಾನು ಕೇಳುತ್ತಿಲ್ಲ. ಅದು ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿಯ ಜಾತಿ ಎಂಬುದು ಗೊತ್ತಿದೆ. ನಾನು ಹೇಳುತ್ತಿರುವುದು ಬಂಡೆಗಳ ಸಂದಿಯಲ್ಲಿ ಮೊಣಕಾಲೆತ್ತರಕ್ಕೂ ಬೆಳೆಯದೆ, ತಿಳಿಹಳದಿ ಹಾಳೆಗಳನ್ನು ಒಂದರ ಮೇಲೊಂದು ಹೊದ್ದು ನಿಂತಿರುವ ನಿಜವಾದ ಹಿಮಾಲಯದ ಗಿಡವನ್ನು. ಅದು ಸೂರ್ಯಕಾಂತಿ, ಸೇವಂತಿಗೆಗಳ ಕುಟುಂಬಕ್ಕೆ ಸೇರಿದ್ದು ಎಂದು ಹುಡುಗ ಹೇಳುತ್ತಾನೆ. ಚಿತ್ರದಲ್ಲಿ ಎಷ್ಟು ಹುಡುಕಿದರೂ ನನಗೆ ಸೇವಂತಿಗೆಯ ಒಂದು ಎಸಳೂ ಕಾಣಲಿಲ್ಲ.

ಕೊಡಚಾದ್ರಿ ನಮ್ಮ ಮನೆಯ ಹಿತ್ತಿಲಿನಿಂದಲೇ ಕಾಣುತ್ತದೆ. ಜುಲೈ ತಿಂಗಳಲ್ಲಿ ಅಲ್ಲಿಯೂ ಮಂಜು, ಗಾಳಿ ಮತ್ತು ಚಳಿ ಇರುತ್ತವೆ. ಬೀಜವನ್ನು ಎಲ್ಲಿಂದಾದರೂ ತರಿಸಿ ಅಲ್ಲಿನ ಹವೆಯಲ್ಲಿ ಅಥವಾ ನಮ್ಮ ತೋಟದ ಮೇಲಿನ ಬ್ಯಾಣದ ಹುಲ್ಲುಗಾವಲಿನಲ್ಲಿ ಇದನ್ನು ಬೆಳೆಸಲು ಸಾಧ್ಯವೆ? ಸಾಧ್ಯವಿಲ್ಲವೆಂದಾದರೆ, ಇದರ ಹತ್ತಿರದ ಬಂಧುಗಳು ಯಾವುವಾದರೂ ನಮ್ಮ ಗುಡ್ಡಗಳಲ್ಲಿ ಇವೆಯೆ? ಇದೇ ಸಂದರ್ಭದಲ್ಲಿ ಇನ್ನೊಂದು ಚಿತ್ರವನ್ನೂ ಹಾಕಿದ್ದೇನೆ. ಅದು ಬಾಬಾಬುಡನ್‌ಗಿರಿ ಕಡೆಯ ಹುಲ್ಲುಗುಡ್ಡದಲ್ಲಿ ತೆಗೆದದ್ದು. ಎಲೆಯ ಅಡಿಭಾಗಕ್ಕೆ ಬಿಳಿಯ ತುಪ್ಪುಳ ಅಂಟಿದಂತಿದೆ, ಹೂಗಳು ಗೊಂಚಲಾಗಿವೆ, ಮುಟ್ಟಿದರೆ ಒಣ ಕಾಗದದಂತೆ ಸದ್ದು ಮಾಡುತ್ತವೆ. ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಸಸ್ಯಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ನಿಮ್ಮ ಅಕ್ಕನ ಮಗ ಹೇಳಿರುವುದು ಸರಿಯಾಗಿದೆ. ಹಿಮಾಲಯದ ಬ್ರಹ್ಮಕಮಲದ ಸಸ್ಯನಾಮ ಸಾಸ್ಯೂರಿಯಾ ಒಬ್ವಲ್ಲಾಟ. ಅದು ಆಸ್ಟರೇಸಿ ಕುಟುಂಬದ್ದು, ಅಂದರೆ ಹಳೆಯ ಪಠ್ಯಪುಸ್ತಕಗಳು ಕಾಂಪೋಸಿಟಿ ಎಂದು ಕರೆಯುತ್ತಿದ್ದ ಕುಟುಂಬ. ಸುಮಾರು 32 ಸಾವಿರ ಜಾತಿಗಳಿರುವ ಈ ಕುಟುಂಬದಲ್ಲಿ ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ, ಹುಚ್ಚೆಳ್ಳು, ಗದ್ದೆಬದುವಿನ ಗರಗ ಎಲ್ಲವೂ ಇವೆ. ನಮ್ಮ ರಸ್ತೆಬದಿಯ ಕಾಂಗ್ರೆಸ್ ಗಿಡವೂ ಬೇಲಿಸಾಲಿನ ಕಮ್ಯುನಿಸ್ಟ್ ಗಿಡವೂ ಇದೇ ಮನೆತನದವು. ಬೇರೆಲ್ಲಿ ಜಗಳವಾಡಿದರೂ ಸಸ್ಯಶಾಸ್ತ್ರದಲ್ಲಿ ಇವೆರಡೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ನಿಮಗೆ ಎಸಳು ಕಾಣದಿರುವುದಕ್ಕೆ ಕಾರಣವಿದೆ. ಈ ಕುಟುಂಬದಲ್ಲಿ ನಾವು ಒಂದು ಹೂ ಎಂದು ಕರೆಯುವುದು ವಾಸ್ತವದಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ಕಿರುಹೂಗಳು ಒಂದೇ ತಟ್ಟೆಯ ಮೇಲೆ ಒತ್ತಾಗಿ ಕುಳಿತಿರುವ ಚೆಂಡುಮಂಜರಿ. ಸೂರ್ಯಕಾಂತಿಯಲ್ಲಿ ಅಂಚಿನ ಕಿರುಹೂಗಳು ಪಟ್ಟಿಯಂತೆ ಹೊರಚಾಚಿ ಎಸಳುಗಳಂತೆ ತೋರುತ್ತವೆ, ನಡುವಿನವು ಕೊಳವೆಯಾಕಾರದಲ್ಲಿ ಇರುತ್ತವೆ. ಸಾಸ್ಯೂರಿಯಾ ಕುಲದಲ್ಲಿ ಆ ಪಟ್ಟಿಯ ಹೂಗಳೇ ಇಲ್ಲ, ಇರುವುದೆಲ್ಲವೂ ಕೊಳವೆ ಹೂಗಳು, ಬ್ರಹ್ಮಕಮಲದಲ್ಲಿ ಅವು ನೇರಳೆ ಬಣ್ಣದವು. ಚಿತ್ರದಲ್ಲಿ ಹೂವಿನಂತೆ ಕಾಣುವ ತಿಳಿಹಳದಿ ಹಾಳೆಗಳು ಹೂವಿನ ಭಾಗವೇ ಅಲ್ಲ. ಅವು ಮಂಜರಿಯನ್ನು ಮುಚ್ಚುವ ಕವಚದೆಲೆಗಳು. ಅಡಿಕೆಯ ಹಿಂಗಾರ ಬಿಚ್ಚಿಕೊಳ್ಳುವ ಮೊದಲು ಅದನ್ನು ಸುತ್ತಿಕೊಂಡಿರುವ ಹೊಂಬಾಳೆಯನ್ನು ದಿನವೂ ನೋಡುವ ನಿಮಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ವ್ಯತ್ಯಾಸವೆಂದರೆ ಹೊಂಬಾಳೆ ತನ್ನ ಕೆಲಸ ಮುಗಿಸಿ ಉದುರುತ್ತದೆ, ಬ್ರಹ್ಮಕಮಲದ ಕವಚ ಹೂವಿನ ಕಾಲವಿಡೀ ನಿಲ್ಲುತ್ತದೆ. ಒಂದು ಹಾಳೆಯನ್ನು ಬೆರಳಿನಿಂದ ಸರಿಸಿ ಒಳಗೆ ನೋಡಿದರೆ ಕಪ್ಪಿಗೆ ತಿರುಗುವ ನೇರಳೆ ಬಣ್ಣದ ಸಣ್ಣ ಸಣ್ಣ ಗುಂಡುಗಳು ಒಂದಕ್ಕೊಂದು ತಾಗಿಕೊಂಡಿರುವುದು ಕಾಣುತ್ತದೆ. ನಿಮ್ಮ ಸೇವಂತಿಗೆಗೆ ಸಮನಾದದ್ದು ಆ ಒಂದೊಂದು ಗುಂಡು.

ಈ ಕವಚ ಅರೆಪಾರದರ್ಶಕವಾಗಿರುತ್ತದೆ. ಬೆಳಕು ಒಳಗೆ ಬರುತ್ತದೆ, ಗಾಳಿ ಬರುವುದಿಲ್ಲ; ಹೀಗಾಗಿ ಹಗಲಿನಲ್ಲಿ ಒಳಗಿನ ಹವೆ ಹೊರಗಿಗಿಂತ ಬೆಚ್ಚಗಿರುತ್ತದೆ. ಎತ್ತರದಲ್ಲಿ ತೀವ್ರವಾಗಿರುವ ಅತಿನೇರಳೆ ಕಿರಣಗಳೂ ಮಳೆಹನಿಗಳೂ ಪರಾಗವನ್ನು ತಲುಪದಂತೆ ಅದೇ ತಡೆಯುತ್ತದೆ. ಹಿಮಾಲಯದಲ್ಲಿ ಈ ಉಪಾಯವನ್ನು ಕಂಡುಕೊಂಡ ಬೇರೆ ಕುಟುಂಬದ ಗಿಡಗಳೂ ಇವೆ. ಸಾಸ್ಯೂರಿಯಾ ಕುಲದಲ್ಲೇ ಕೆಲವು ಜಾತಿಗಳು ಹಾಳೆಯ ಬದಲು ದಪ್ಪ ಬಿಳಿ ಉಣ್ಣೆಯನ್ನೇ ಮೈತುಂಬ ಹೊದ್ದಿವೆ. ಕುಲಕ್ಕೆ ಈ ಹೆಸರನ್ನು 1810ರಲ್ಲಿ ಇಟ್ಟವರು ಸಸ್ಯಶಾಸ್ತ್ರಜ್ಞ ಡಿ ಕ್ಯಾಂಡೋಲ್. ಅವರು ಗೌರವಿಸಿದ ಜಿನೀವಾದ ಸಾಸ್ಯೂರ್ ತಂದೆಮಕ್ಕಳಲ್ಲಿ ತಂದೆ 1787ರಲ್ಲಿ ಮಾಂಟ್ ಬ್ಲಾಂಕ್ ಏರಿದವರು. ಹಿಮದ ಅಂಚಿನ ಗಿಡಕ್ಕೆ ಪರ್ವತಾರೋಹಿಯ ಹೆಸರು ಸಿಕ್ಕಿದ್ದು ಒಪ್ಪುವಂಥದ್ದೇ.

ಬಂಧುಗಳ ವಿಷಯಕ್ಕೆ ಬರುತ್ತೇನೆ. ಕುಟುಂಬದೊಳಗೆ ಸಾಸ್ಯೂರಿಯಾ ಸೇರುವುದು ಮುಳ್ಳುಗಿಡಗಳ ಪಂಗಡಕ್ಕೆ. ಆ ಪಂಗಡದಲ್ಲಿ ಕನ್ನಡಿಗರಿಗೆ ಚೆನ್ನಾಗಿ ಪರಿಚಯವಿರುವುದು ಕುಸುಬೆ. ಆದ್ದರಿಂದ ಬ್ರಹ್ಮಕಮಲಕ್ಕೆ ನಮ್ಮ ನಾಡಿನಲ್ಲಿ ಹತ್ತಿರದ ನೆಂಟನನ್ನು ಹುಡುಕುವವರು ಗುಡ್ಡ ಹತ್ತಬೇಕಾಗಿಲ್ಲ, ಉತ್ತರ ಕರ್ನಾಟಕದ ಎರೆಹೊಲಕ್ಕೆ ಹೋಗಬೇಕು.

ನಿಮ್ಮ ಎರಡನೆಯ ಚಿತ್ರವೇ ನನಗೆ ಹೆಚ್ಚು ಮುಖ್ಯವೆನಿಸಿತು. ಅದು ಅನಾಫಾಲಿಸ್ ಕುಲದ್ದು. ಹಿಮಾಲಯದಲ್ಲಿಯೂ ಪಶ್ಚಿಮಘಟ್ಟದ ಎತ್ತರದ ಹುಲ್ಲುಗಾವಲುಗಳಲ್ಲಿಯೂ ಇರುವ ಕುಲವಿದು. ಬಿಳಿ ಎಸಳುಗಳಂತೆ ಕಾಣುವುದು ಇಲ್ಲಿಯೂ ಕವಚದೆಲೆಗಳೇ; ಒಣಗಿದರೂ ಬಣ್ಣ ಮತ್ತು ಆಕಾರ ಕೆಡದಿರುವುದಕ್ಕೆ ಕಾರಣ ಅವು ಹುಟ್ಟಿನಿಂದಲೇ ಕಾಗದದಂತೆ ಒಣಗಿರುವುದು. ನಿಜವಾದ ಹೂಗಳು ನಡುವೆ ಕಾಣುವ ಹಳದಿ ಚುಕ್ಕೆಗಳು. ಯುರೋಪಿನ ಆಲ್ಪ್ಸ್ ಪರ್ವತದ ಪ್ರಸಿದ್ಧ ಎಡೆಲ್‌ವೈಸ್ ಕೂಡ ಇದೇ ಪಂಗಡದ್ದು. ಅಂದರೆ ನೀವು ಬಾಬಾಬುಡನ್‌ಗಿರಿಯಲ್ಲಿ ಚಿತ್ರ ತೆಗೆದ ಗಿಡ ಬ್ರಹ್ಮಕಮಲಕ್ಕಿಂತ ಎಡೆಲ್‌ವೈಸ್‌ಗೆ ಹತ್ತಿರದ್ದು. ಜಾತಿಯನ್ನು ಗುರುತಿಸಲು ಎಲೆಯ ಬುಡ ಕಾಂಡಕ್ಕೆ ಹೇಗೆ ಕೂಡಿಕೊಂಡಿದೆ, ಎಲೆಯಂಚು ಸುರುಳಿಯಾಗಿದೆಯೆ, ಕವಚದೆಲೆಗಳು ಎಷ್ಟು ಸುತ್ತಿನಲ್ಲಿವೆ ಎಂಬುದರ ಹತ್ತಿರದ ಚಿತ್ರಗಳು ಬೇಕಾಗುತ್ತವೆ.

ಪ್ರಶ್ನೆ ಕೇಳಿದವರು

ಮೇಷ್ಟ್ರಿಗೆ ಧನ್ಯವಾದಗಳು. ಹಿಂಗಾರದ ಮಾತಿನಿಂದ ರಚನೆ ಸ್ಪಷ್ಟವಾಯಿತು. ಆದರೆ ಬೆಳೆಸುವ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ. ಹುಡುಗ ಹೇಳುವಂತೆ ಅಲ್ಲಿಯೂ ಅದು ಅರಳುವುದು ಮುಂಗಾರಿನ ಮಳೆಯಲ್ಲಿಯೇ. ನಮ್ಮಲ್ಲಿ ಮಳೆಗೇನೂ ಕೊರತೆಯಿಲ್ಲ. ಹಾಗಾದರೆ ಅಡ್ಡಿಯಾಗುವುದು ಯಾವುದು?

ಉತ್ತರ: ಸಹ್ಯಾದ್ರಿ ಚಾರಣಿಗ, ಸಾಗರ

ಅಡ್ಡಿಯಾಗುವುದು ಮಳೆಗಾಲಕ್ಕಿಂತ ಹೆಚ್ಚಾಗಿ ಉಳಿದ ಎಂಟು ತಿಂಗಳು. ಬ್ರಹ್ಮಕಮಲ ಬೆಳೆಯುವ ಎತ್ತರ ಸ್ಥೂಲವಾಗಿ 3,700ರಿಂದ 4,600 ಮೀಟರ್. ಪಶ್ಚಿಮ ಹಿಮಾಲಯದಲ್ಲಿ ಸುಮಾರು 3,500 ಮೀಟರಿನ ಆಸುಪಾಸಿನಲ್ಲಿ ಮರಗಳು ನಿಂತುಹೋಗುತ್ತವೆ. ಅದರ ಮೇಲೆ ಹುಲ್ಲು, ಕುರುಚಲು, ಕಲ್ಲು, ಆಮೇಲೆ ಹಿಮ. ಕೊಡಚಾದ್ರಿಯ ಎತ್ತರ 1,343 ಮೀಟರ್. ಕುದುರೆಮುಖ 1,900 ಮೀಟರಿಗೆ ಸ್ವಲ್ಪ ಕಡಿಮೆ, ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಅದಕ್ಕಿಂತ ಸ್ವಲ್ಪ ಹೆಚ್ಚು. ಇಡೀ ಪಶ್ಚಿಮಘಟ್ಟದಲ್ಲೇ ಎತ್ತರವಾದ ಕೇರಳದ ಆನೆಮುಡಿ 2,695 ಮೀಟರ್. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ ಎಂಬ ಲೆಕ್ಕ ಹಿಡಿದರೆ, ಕೊಡಚಾದ್ರಿಯ ತುದಿಗೂ ಬ್ರಹ್ಮಕಮಲದ ಜಾಗಕ್ಕೂ ಎತ್ತರದ ಕಾರಣದಿಂದಲೇ ಹದಿನೈದು ಡಿಗ್ರಿಗೂ ಮಿಕ್ಕ ಅಂತರವಿದೆ. ಅಕ್ಷಾಂಶದ ವ್ಯತ್ಯಾಸ ಇದರ ಮೇಲೆ ಸೇರುತ್ತದೆ.

ಅಲ್ಲಿನ ಗಿಡದ ವರ್ಷವನ್ನು ನೋಡಿ. ಹಿಮ ಕರಗಿದ ಮೇಲೆ, ಜೂನ್ ಹೊತ್ತಿಗೆ ನೆಲದೊಳಗಿನ ಗೆಡ್ಡೆಯಂಥ ಕಾಂಡದಿಂದ ಚಿಗುರು ಬರುತ್ತದೆ. ಜುಲೈನಿಂದ ಸೆಪ್ಟೆಂಬರ್ ಒಳಗೆ ಹೂ, ಬೀಜ ಎಲ್ಲವೂ ಆಗಬೇಕು. ಅಕ್ಟೋಬರಿನಲ್ಲಿ ಮೇಲಿನ ಭಾಗ ಒಣಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಹಿಮದ ಅಡಿಯಲ್ಲಿ ನಿದ್ರೆ. ಹಿಮ ಎಂದರೆ ಗಿಡಕ್ಕೆ ಶಿಕ್ಷೆ ಎಂದು ನಾವು ತಿಳಿಯುತ್ತೇವೆ, ಆದರೆ ಆ ಹೊದಿಕೆಯೇ ಅದನ್ನು ಒಣಗಾಳಿಯಿಂದಲೂ ಹೊರಗಿನ ಕಡುಚಳಿಯಿಂದಲೂ ಕಾಪಾಡುತ್ತದೆ. ನಮ್ಮಲ್ಲಿ ನಡೆಯುವುದು ಇದಕ್ಕೆ ತೀರಾ ವಿರುದ್ಧ. ನಿದ್ರೆಗೆ ಬೇಕಾದ ಚಳಿ ಸಿಗುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳ ಬೆಚ್ಚನೆಯ ರಾತ್ರಿಗಳಲ್ಲಿ ಗಿಡ ಹಗಲು ಕೂಡಿಟ್ಟದ್ದನ್ನೆಲ್ಲ ಉಸಿರಾಟಕ್ಕೇ ಖರ್ಚು ಮಾಡುತ್ತದೆ. ಅಷ್ಟಾಗಿ ಉಳಿದರೂ ಜೂನಿನ ಬಿಸಿ ತೇವದಲ್ಲಿ ಬೇರು ಕೊಳೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅಡಿಕೆಗೇ ಕೊಳೆರೋಗ ಬಿಡುವುದಿಲ್ಲ, ಹಿಮದ ಗಿಡದ ಗತಿಯನ್ನು ನೀವೇ ಊಹಿಸಬಹುದು.

ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಸ್ಯೂರಿಯಾ ಹೂಗಳಿಗೆ ಪರಾಗಸ್ಪರ್ಶ ಮಾಡುವವರಲ್ಲಿ ಮುಖ್ಯವಾದದ್ದು ಬಂಬಲ್‌ಬೀ ಎಂಬ ರೋಮಭರಿತ ದಪ್ಪ ದುಂಬಿಜೇನು. ಚಳಿಯಲ್ಲಿಯೂ ಮೈ ಕಾಯಿಸಿಕೊಂಡು ಹಾರಬಲ್ಲ ಆ ಹುಳು ಹಿಮಾಲಯದಲ್ಲಿ ಧಾರಾಳವಾಗಿದೆ, ನಮ್ಮ ಘಟ್ಟಗಳಲ್ಲಿ ಇಲ್ಲ. ಗಿಡವನ್ನು ಹೇಗೋ ಉಳಿಸಿಕೊಂಡರೂ ಅದರ ಮನೆಗೆ ಬರುವ ಅತಿಥಿಯನ್ನು ಎಲ್ಲಿಂದ ತರುವುದು?

ಉತ್ತರ: ಕಾಫಿಸೀಮೆಯ ಓದುಗ, ಚಿಕ್ಕಮಗಳೂರು

ಸಾಗರದ ಸ್ನೇಹಿತರು ಹೇಳಿದ್ದನ್ನು ಒಪ್ಪುತ್ತೇನೆ; ಅಕ್ಷಾಂಶದ ಮಾತಿಗೆ ಮಾತ್ರ ಒಂದು ಸೇರಿಕೆ. ಉಷ್ಣವಲಯದಲ್ಲಿ ಹಿಮದ ಅಂಚಿನ ಸೇವಂತಿಗೆ ಕುಟುಂಬದವು ಇರಲಾರವು ಎಂದು ಯಾರೂ ಭಾವಿಸಬಾರದು. ಸಮಭಾಜಕ ವೃತ್ತಕ್ಕೆ ತಾಗಿಕೊಂಡೇ ಇರುವ ಆಫ್ರಿಕಾದ ಮೌಂಟ್ ಕೀನ್ಯಾ, ಕಿಲಿಮಂಜಾರೊ ಪರ್ವತಗಳ ಮೇಲೆ ಡೆಂಡ್ರೊಸೆನೆಸಿಯೊ ಎಂಬ, ಮರದಂತೆ ನಿಲ್ಲುವ ಇದೇ ಕುಟುಂಬದ ಸಸ್ಯಗಳಿವೆ. ಒಣಗಿದ ಎಲೆಗಳನ್ನು ಉದುರಿಸದೆ ಕಾಂಡದ ಸುತ್ತ ಕಂಬಳಿಯಾಗಿ ಇಟ್ಟುಕೊಂಡು, ರಾತ್ರಿ ತುದಿಯ ಎಲೆಗಳನ್ನು ಮೊಗ್ಗಿನ ಮೇಲೆ ಮಡಚಿ ಅವು ಹೆಪ್ಪುಗಟ್ಟುವ ಚಳಿಯನ್ನು ದಾಟುತ್ತವೆ. ಆದ್ದರಿಂದ ನಮ್ಮ ಘಟ್ಟಗಳಿಗೆ ಇಲ್ಲದಿರುವುದು ಎತ್ತರ ಮಾತ್ರ. ಇನ್ನೂ ಎರಡು ಸಾವಿರ ಮೀಟರ್ ಎದ್ದು ನಿಂತಿದ್ದರೆ ಮುಳ್ಳಯ್ಯನಗಿರಿಗೂ ತನ್ನದೇ ಆದ ಹಿಮಸಸ್ಯಗಳು ಇರುತ್ತಿದ್ದವು.

ನಮ್ಮ ಗುಡ್ಡಗಳ ನೆತ್ತಿ ಬೋಳಾಗಿರುವುದನ್ನು ನೋಡಿ ಅದೂ ಹಿಮಾಲಯದ ಬುಗ್ಯಾಲು ಎಂಬ ಎತ್ತರದ ಹುಲ್ಲುಗಾವಲುಗಳಂತೆ ಎಂದು ಹೋಲಿಸುವವರಿದ್ದಾರೆ. ನೋಟ ಒಂದೇ, ಕಾರಣ ಬೇರೆ. ಅಲ್ಲಿ ಮರ ಬೆಳೆಯಲು ಬೇಸಿಗೆ ಸಾಲದು. ಇಲ್ಲಿ ಅದೇ ಎತ್ತರದಲ್ಲಿ, ನೂರು ಹೆಜ್ಜೆ ಆಚೆಯ ಕಣಿವೆಯಲ್ಲಿ ಶೋಲಾ ಕಾಡು ದಟ್ಟವಾಗಿ ನಿಂತಿರುತ್ತದೆ. ಅಂದರೆ ಚಳಿ ಮರವನ್ನು ತಡೆಯುತ್ತಿಲ್ಲ. ನೆತ್ತಿಯ ಮೇಲೆ ಬಂಡೆಯ ಹಾಸಿನ ಮೇಲಿರುವ ಗೇಣುದ್ದದ ಮಣ್ಣು, ಮುಂಗಾರಿನಲ್ಲಿ ಸಸಿಯನ್ನು ನಿಲ್ಲಗೊಡದ ಗಾಳಿ, ಮಳೆ ನಿಂತ ಮೇಲಿನ ದೀರ್ಘ ಒಣಹವೆ, ಆಗಾಗ ಬೀಳುವ ಬೆಂಕಿ, ಇವೆಲ್ಲ ಕೂಡಿ ಅಲ್ಲಿ ಹುಲ್ಲನ್ನು ಉಳಿಸಿವೆ. ಅನಾಫಾಲಿಸ್‌ನ ಬಿಳಿ ತುಪ್ಪುಳ ಅರ್ಥವಾಗುವುದು ಇಲ್ಲಿಯೇ. ನಾನು ಗಮನಿಸಿದಂತೆ ಮಂಜು ಕವಿದ ಬೆಳಿಗ್ಗೆ ಆ ಎಲೆಯ ಮೇಲೆ ನೀರು ಹರಡುವುದಿಲ್ಲ, ಸಣ್ಣ ಮಣಿಗಳಾಗಿ ತುಪ್ಪುಳದ ತುದಿಯಲ್ಲಿಯೇ ನಿಂತಿರುತ್ತದೆ. ಬೆರಳಿನಿಂದ ಎಲೆಯನ್ನು ತಟ್ಟಿದರೆ ಮಣಿಗಳೆಲ್ಲ ಉದುರಿ, ಕೆಳಗಿನ ಹಸಿರು ಒಣಗಿಯೇ ಇರುತ್ತದೆ. ಬೇಸಿಗೆಯಲ್ಲಿ ಅದೇ ತುಪ್ಪುಳ ಬಿಸಿಲನ್ನು ಹಿಂದಕ್ಕೆ ತಳ್ಳಿ, ಗಾಳಿಯಿಂದ ಎಲೆಯ ತೇವ ಆರದಂತೆ ತಡೆಯುತ್ತದೆ. ಹಿಮಾಲಯದ ಗಿಡ ಉಣ್ಣೆ ಹೊದ್ದದ್ದು ಚಳಿಗೆ, ನಮ್ಮದು ಮುಖ್ಯವಾಗಿ ಗಾಳಿಗೆ ಮತ್ತು ಬಿಸಿಲಿಗೆ.

ಈ ಹುಲ್ಲುಗಾವಲುಗಳು ಹಿಂದೆ ಕಾಡಾಗಿದ್ದವು, ಮನುಷ್ಯ ಕಡಿದು ಸುಟ್ಟು ಬೋಳು ಮಾಡಿದ ಎಂಬ ವಾದವೂ ಬಹುಕಾಲದಿಂದ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗಿನ ಮಣ್ಣಿನಲ್ಲಿರುವ ಇಂಗಾಲದ ಸಮಸ್ಥಾನಿಗಳನ್ನು, ಅಂದರೆ ತೂಕದಲ್ಲಿ ಬೇರೆಯಾದ ಇಂಗಾಲದ ಪರಮಾಣುಗಳನ್ನು, ಅಳೆದು 1993ರಲ್ಲಿ ಪ್ರಕಟಿಸಿದ ಅಧ್ಯಯನ, ಹುಲ್ಲು ಮತ್ತು ಕಾಡು ಅಲ್ಲಿ ಹವಾಮಾನಕ್ಕೆ ತಕ್ಕಂತೆ ಸಾವಿರಾರು ವರ್ಷಗಳಿಂದ ಹಿಗ್ಗುತ್ತ ಕುಗ್ಗುತ್ತ ಬಂದಿರುವುದನ್ನೂ ಸುಮಾರು 20 ಸಾವಿರ ವರ್ಷಗಳ ಹಿಂದಿನ ಹಿಮಯುಗದ ಕಾಲದಲ್ಲಿಯೇ ಹುಲ್ಲು ಹರಡಿಕೊಂಡಿದ್ದುದನ್ನೂ ತೋರಿಸಿತು. ಅದು ನೀಲಗಿರಿಯ ಪುರಾವೆಯಾದರೂ, ಹುಲ್ಲುಗುಡ್ಡವೆಂದರೆ ಹಾಳುಬಿದ್ದ ಕಾಡು ಎಂಬ ಮಾತನ್ನು ನಮ್ಮವರೂ ಇನ್ನು ಕೈಬಿಡುವುದು ಒಳ್ಳೆಯದು. ಅದೇ ಭಾವನೆಯಿಂದ ಮಲೆನಾಡಿನ ಎಷ್ಟೋ ಬ್ಯಾಣಗಳಿಗೂ ಬೋಳುಗುಡ್ಡಗಳಿಗೂ ಅಕೇಶಿಯಾ ಹಾಕಿದ್ದಾಯಿತು. ಅಕೇಶಿಯಾದ ನೆರಳಿನಲ್ಲಿ ಬಿಸಿಲು ಬೇಡುವ ಈ ಹುಲ್ಲುಗಾವಲಿನ ಗಿಡಗಳು ಉಳಿಯುವುದಿಲ್ಲ.

ಉತ್ತರ: ಹಿಮಾಲಯಕ್ಕೆ ಹೋಗಿ ಬಂದವಳು, ತೀರ್ಥಹಳ್ಳಿ

ಬೀಜ ತರಿಸುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಹೂಗಳ ಕಣಿವೆ 1982ರಿಂದ ರಾಷ್ಟ್ರೀಯ ಉದ್ಯಾನ, 2005ರಿಂದ ನಂದಾದೇವಿಯೊಡನೆ ವಿಶ್ವ ಪರಂಪರೆಯ ತಾಣ. ಅಲ್ಲಿಂದ ಬೀಜವಾಗಲಿ ಗೆಡ್ಡೆಯಾಗಲಿ ಅನುಮತಿಯಿಲ್ಲದೆ ತರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹೊರಗೆ ಯಾರಾದರೂ ಮಾರಿದರೂ ಅದು ಎಲ್ಲಿಂದ ಬಂತೆಂದು ಕೇಳಬೇಕಾಗುತ್ತದೆ. ಇದೇ ಕುಲದ ಕೋಷ್ಠ, ಅಂದರೆ ಆಯುರ್ವೇದದ ಅಂಗಡಿಯಲ್ಲಿ ಬೇರಿನ ರೂಪದಲ್ಲಿ ಸಿಗುವ ಸಾಸ್ಯೂರಿಯಾ ಕೋಸ್ಟಸ್, ಅತಿಯಾಗಿ ಕಿತ್ತು ಕಿತ್ತು ಕಾಡಿನಲ್ಲಿ ಎಷ್ಟು ವಿರಳವಾಯಿತೆಂದರೆ, ಆ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ತಂದು ಸಸ್ಯಗಳ ಪಟ್ಟಿಯನ್ನು ಸೇರಿಸಿದಾಗ ಅದರಲ್ಲಿದ್ದ ಬೆರಳೆಣಿಕೆಯ ಹೆಸರುಗಳಲ್ಲಿ ಅದೂ ಒಂದು. ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಮೊದಲ ಅನುಬಂಧದಲ್ಲಿಯೂ ಅದು ಇದೆ.

ಬ್ರಹ್ಮಕಮಲ ಉತ್ತರಾಖಂಡದ ರಾಜ್ಯಪುಷ್ಪ. ಕೇದಾರ, ಬದರಿಗಳಲ್ಲಿ ದೇವರಿಗೆ ಏರುವ ಹೂ. ಭಾದ್ರಪದ ಮಾಸದ ನಂದಾಷ್ಟಮಿಯ ಹೊತ್ತಿಗೆ ಮಾತ್ರ, ನೇಮದಿಂದ ಕೊಯ್ಯುವ ಪದ್ಧತಿ ಅಲ್ಲಿನ ಹಳ್ಳಿಗರಲ್ಲಿತ್ತು. ಆ ಹೊತ್ತಿಗೆ ಬೀಜ ಬಲಿಯುವ ಕಾಲ ಸಮೀಪಿಸಿರುತ್ತದೆ ಎಂಬುದನ್ನು ನೋಡಿದರೆ ನೇಮದ ಹಿಂದಿನ ವಿವೇಕ ತಿಳಿಯುತ್ತದೆ. ಯಾತ್ರಿಕರ ಸಂಖ್ಯೆ ಬೆಳೆದ ಮೇಲೆ ಕೊಯ್ಲಿಗೆ ಆ ಮಿತಿ ಉಳಿಯುವುದು ಕಷ್ಟ.

ಕೀಳುವುದರಿಂದ ಏನಾಗುತ್ತದೆ ಎಂಬುದಕ್ಕೆ ಪೂರ್ವ ಹಿಮಾಲಯದ ಇನ್ನೊಂದು ಜಾತಿಯಾದ ಸಾಸ್ಯೂರಿಯಾ ಲ್ಯಾನಿಸೆಪ್ಸ್ ಉದಾಹರಣೆ. ಅದು ಹಲವು ವರ್ಷ ಬೆಳೆದು, ಒಂದೇ ಸಲ ಹೂಬಿಟ್ಟು ಸಾಯುವ ಗಿಡ. ಕುರಿಂಜಿ ಎಂದೂ ಕರೆಯುವ ನಮ್ಮ ಗುರಿಗೆಯ ಬಾಳು ಇದ್ದ ಹಾಗೆ. ಔಷಧಿಗಾಗಿ ಕೀಳುವವರು ದೊಡ್ಡ ಹೂವಿಗೇ ಕೈಹಾಕುತ್ತಾರೆ. ಬೀಜ ಬಿಡುವ ಅವಕಾಶ ಚಿಕ್ಕ ಗಿಡಗಳಿಗಷ್ಟೇ ಉಳಿಯುತ್ತದೆ. ಹರ್ಬೇರಿಯಂನಲ್ಲಿ ಒಣಗಿಸಿ ಸಂಗ್ರಹಿಸಿಟ್ಟ ಹಳೆಯ ಸಸ್ಯಮಾದರಿಗಳನ್ನು ಅಳೆದು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊಯ್ಲಿಗೆ ಸಿಕ್ಕ ಈ ಜಾತಿಯ ಗಿಡಗಳು ಒಂದು ಶತಮಾನದಲ್ಲಿ ಕುಳ್ಳಾಗುತ್ತ ಬಂದಿವೆ, ಅಷ್ಟಾಗಿ ಕೀಳದ ಹತ್ತಿರದ ಜಾತಿಯಲ್ಲಿ ಅಂಥ ಬದಲಾವಣೆ ಇಲ್ಲ.

ಪ್ರಶ್ನೆ ಕೇಳಿದವರು

ಬೀಜದ ಯೋಚನೆಯನ್ನು ಬಿಟ್ಟಿದ್ದೇನೆ. ನಮ್ಮ ಅನಾಫಾಲಿಸ್ ಮತ್ತು ಅದರ ಬಂಧುಗಳನ್ನು ಹುಡುಗನಿಗೆ ತೋರಿಸಲು ಯಾವ ಕಾಲದಲ್ಲಿ, ಎಲ್ಲಿಗೆ ಹೋಗುವುದು ಸೂಕ್ತ?

ಉತ್ತರ: ಸಸ್ಯಶಾಸ್ತ್ರದ ಮೇಷ್ಟ್ರು, ಶಿವಮೊಗ್ಗ

ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸಿರಾಗಿರುವ ಕಾಲ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ವರೆಗೆ ಒಳ್ಳೆಯದು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಲು ನಿಮಗೆ ಪರಿಚಿತ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ಬೇಕು. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ತಾಣಗಳಲ್ಲಿ ಅದೂ ಇರುವುದರಿಂದ, ಉತ್ತರಾಖಂಡಕ್ಕೆ ಹೋಗಿಬಂದ ಹುಡುಗನಿಗೆ ಎರಡನ್ನೂ ಒರೆಗೆ ಹಚ್ಚಿ ನೋಡುವ ಅವಕಾಶವಾದೀತು. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಯ ಕಡೆ ಹೋಗಬೇಡಿ. ಹೂವಿಗಿಂತ ವಾಹನಗಳೇ ಹೆಚ್ಚು ಕಾಣುತ್ತವೆ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರವೊಂದನ್ನು ಜೊತೆಗೆ ಒಯ್ಯಿರಿ. ಹೂವನ್ನು ಕೀಳದೆ, ಗೊಂಚಲಿನ ಒಂದು ಮಂಜರಿಯನ್ನು ಮಸೂರದ ಹತ್ತಿರಕ್ಕೆ ಬಾಗಿಸಿ ನೋಡಿದರೆ ಬಿಳಿ ಕವಚದೊಳಗಿನ ಹಳದಿ ಕೊಳವೆಗಳನ್ನು ಎಣಿಸಬಹುದು. ಇದೇ ಕುಟುಂಬದ ಸೆನೆಸಿಯೊ ಕುಲದ ಹಳದಿ ಹೂ ಸಿಕ್ಕರೆ ಅದರಲ್ಲಿ ಅಂಚಿನ ಪಟ್ಟಿ ಹೂಗಳೂ ನಡುವಿನ ಕೊಳವೆ ಹೂಗಳೂ ಎರಡೂ ಇರುವುದನ್ನು ಹೋಲಿಸಿ ತೋರಿಸಿ. ಗುಡ್ಡ ಹತ್ತುವ ಮೊದಲು ಪ್ಯಾಂಟಿನ ಅಂಚು, ಕಾಲುಚೀಲ ಮತ್ತು ಬೂಟಿನ ಅಡಿಯನ್ನು ಕೊಡವಿಕೊಳ್ಳುವುದನ್ನು ಮರೆಯಬೇಡಿ. ಕಮ್ಯುನಿಸ್ಟ್ ಗಿಡದ ಬೀಜ ಗಾಳಿಯಲ್ಲಿ ತೇಲುವುದಷ್ಟೇ ಅಲ್ಲದೆ ಬಟ್ಟೆಗೂ ಅಂಟಿಕೊಳ್ಳುತ್ತದೆ, ಕಾಲುದಾರಿಯ ಅಂಚಿನಲ್ಲಿ ಅದು ಮೇಲೇರುತ್ತಿರುವುದರಲ್ಲಿ ನಮ್ಮಂಥ ಹೂ ನೋಡಲು ಹೋಗುವವರ ಪಾಲೂ ಇದೆ. ಎಲೆಯ ಬುಡದ ಚಿತ್ರಗಳನ್ನು ಇಲ್ಲಿ ಹಾಕಿರಿ, ಜಾತಿಯನ್ನು ಗುರುತಿಸಲು ಪ್ರಯತ್ನಿಸೋಣ.